ಸ್ಕೋಡಾ ದಾಟಿದರೆ ಲ್ಯಾಂಬೋರ್ಗಿನಿ

ಕೆಲಸ ಕೇಳಿಕೊಂಡು ಬರುವ ಹುಡುಗರು ಮೊದಲು ಸಂಬಳದ ಮಾತೆತ್ತುವುದಿಲ್ಲ. ‘ಅಣ್ಣಾ, ಗಾಡಿ ಓಡ್ಸೋಕೆ ಕೊಡ್ತಾರಾ?’ ಅನ್ನುತ್ತಾರೆ. ಕಣ್ಣು ನನ್ನ ಮೇಲಿರುವುದಿಲ್ಲ, ಹಿಂದೆ ಲಿಫ್ಟಿನ ಮೇಲೆ ನಿಂತ ಹಳದಿ ಕಾರಿನ ಮೇಲಿರುತ್ತದೆ. ಕೊಡುತ್ತಾರೆ, ಸುಳ್ಳಲ್ಲ. ಕೆಲಸ ಮುಗಿದ ಮೇಲೆ ಟ್ರಯಲ್ ನೋಡಲೇಬೇಕು. ಆದರೆ ಬೆಂಗಳೂರಿನಲ್ಲಿ ಟ್ರಯಲ್ ಎಂದರೆ ಬೆಳಗಿನ ಜಾವ ಎದ್ದು, ಹಂಪ್ ಕಂಡಲ್ಲೆಲ್ಲ ಕಾರಿನ ಮೂತಿ ಎತ್ತುವ ಬಟನ್ ಒತ್ತಿ, ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದ ಹೆಲ್ಪರನ್ನು ಕೂರಿಸಿಕೊಂಡು, ಹಾಲಿನ ವ್ಯಾನಿನ ಹಿಂದೆ ತೆವಳಿಕೊಂಡು ಹೋಗುವುದು. ಓಡಿಸುವ ಆಸೆಯೊಂದನ್ನೇ ಹೊತ್ತು ಬಂದವರು ಈ ಕೆಲಸದಲ್ಲಿ ಬಹಳ ದಿನ ನಿಲ್ಲುವುದಿಲ್ಲ.

ನಾನು ತಿಪಟೂರು ಕಡೆಯವನು. ಮನೆಯಲ್ಲಿ ತೆಂಗಿನ ತೋಟ, ಒಂದು ಹಳೆಯ ಟ್ರ್ಯಾಕ್ಟರ್. ಐಟಿಐ ಮುಗಿಸಿ ಲಾಲ್‌ಬಾಗ್ ರಸ್ತೆಯ ಹಿಂಬದಿಯ ಗ್ಯಾರೇಜಿನಲ್ಲಿ ಹೆಲ್ಪರ್ ಆದೆ. ಆಮೇಲೆ ಸ್ಕೋಡಾ ಸರ್ವಿಸ್ ಸೆಂಟರ್, ಅಲ್ಲಿಂದ ಆಡಿ, ಅಲ್ಲಿಂದ ದುಬೈ. ಈಗ ಬೆಂಗಳೂರಿನಲ್ಲೇ ನನ್ನದೊಂದು ಸಣ್ಣ ಶೆಡ್ಡು. ಬರುವವು ಪೋರ್ಷೆ, ಫೆರಾರಿ, ಲ್ಯಾಂಬೋರ್ಗಿನಿಗಳು. ಊರಲ್ಲಿ ಈಗಲೂ ಕೆಲವರು ನನ್ನನ್ನು ‘ಫಾರಿನ್ ಮೇಸ್ತ್ರಿ’ ಎನ್ನುತ್ತಾರೆ.

ಈ ವಿದ್ಯೆಗೆ ಹೆಬ್ಬಾಗಿಲು ಯಾವುದು ಎಂದರೆ ನನ್ನ ಉತ್ತರ ಒಂದೇ: ಸ್ಕೋಡಾ. ಕೇಳಿದವರ ಮುಖ ಸಪ್ಪಗಾಗುತ್ತದೆ. ಆದರೆ ಲೆಕ್ಕ ನೋಡಿ. 1998ರಲ್ಲಿ ಲ್ಯಾಂಬೋರ್ಗಿನಿಯನ್ನು ಆಡಿ ಕೊಂಡುಕೊಂಡಿತು. ಆಡಿ, ಸ್ಕೋಡಾ, ಬೆಂಟ್ಲಿ, ಪೋರ್ಷೆ ಎಲ್ಲವೂ ಫೋಕ್ಸ್‌ವ್ಯಾಗನ್ ಗುಂಪಿನವೇ. ನಮ್ಮ ದೇಶದಲ್ಲಿ ಹೆಚ್ಚು ಮಾರಾಟವಾಗುವ ಲ್ಯಾಂಬೋರ್ಗಿನಿ ಎಂದರೆ ಉರುಸ್ ಎಂಬ ಎಸ್‌ಯುವಿ. ಅದನ್ನು ಕಟ್ಟಿರುವುದು ಆಡಿ ಕ್ಯೂ7, ಪೋರ್ಷೆ ಕಯೆನ್‌ಗಳ ಪ್ಲಾಟ್‌ಫಾರ್ಮಿನ ಮೇಲೆಯೇ. ಆಡಿ ಆರ್8 ಮತ್ತು ಲ್ಯಾಂಬೋರ್ಗಿನಿ ಹುರಕಾನ್ ಎರಡರ ಬೆನ್ನಲ್ಲೂ ಕೂತಿರುವುದು ಒಂದೇ ಕುಲದ 5.2 ಲೀಟರ್ ವಿ10 ಎಂಜಿನ್. ಸ್ಕೋಡಾ ಆಕ್ಟೇವಿಯಾದ ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಕೇಬಲ್ ಹಾಕಿ ದೋಷ ಹುಡುಕುವ ‘ಒಡಿಸ್’ ಸಾಫ್ಟ್‌ವೇರೇ ಹುರಕಾನ್‌ಗೂ ನಡೆಯುತ್ತದೆ. ಎರಡು ಕ್ಲಚ್ಚಿನ ಗೇರ್‌ಬಾಕ್ಸನ್ನು ನಾನು ಮೊದಲು ಬಿಚ್ಚಿ ನೋಡಿದ್ದು ಸ್ಕೋಡಾದಲ್ಲಿ. ಕೋಟಿಗಟ್ಟಲೆ ಬೆಲೆಯ ಕಾರಿನ ಮೇಲೆ ಹೊಸಬನಿಗೆ ಯಾರೂ ಸ್ಪ್ಯಾನರ್ ಹಾಕಲು ಬಿಡುವುದಿಲ್ಲ. ಸ್ಕೋಡಾ ಸರ್ವಿಸ್ ಸೆಂಟರಿನಲ್ಲಿ ಮಾತ್ರ ದಿನಕ್ಕೆ ನಾಲ್ಕಾರು ಗಾಡಿ ಬಂದು ಬಿದ್ದಿರುತ್ತವೆ, ಕೈ ಪಳಗುವುದು ಅಲ್ಲಿಯೇ.

ಟ್ರ್ಯಾಕ್ಟರ್ ಮನೆಯಿಂದ ಬಂದವನು ಎಂದು ಹಿಂಜರಿಯುವವರಿಗೆ ಒಂದು ಸಂಗತಿ ಹೇಳುವುದುಂಟು. ಫೆರುಚಿಯೋ ಲ್ಯಾಂಬೋರ್ಗಿನಿ ಎರಡನೇ ಮಹಾಯುದ್ಧದ ಕಾಲದಲ್ಲಿ ರೋಡ್ಸ್ ದ್ವೀಪದಲ್ಲಿ ಸೇನೆಯ ವಾಹನಗಳ ಮೆಕಾನಿಕ್ ಆಗಿದ್ದವನು. ಯುದ್ಧ ಮುಗಿದ ಮೇಲೆ ಟ್ರ್ಯಾಕ್ಟರ್ ಕಂಪನಿ ಕಟ್ಟಿದ. ತನ್ನ ಫೆರಾರಿಯ ಕ್ಲಚ್ ಪದೇ ಪದೇ ಕೈಕೊಟ್ಟಾಗ ಬಿಚ್ಚಿ ನೋಡಿದರೆ ತನ್ನ ಟ್ರ್ಯಾಕ್ಟರಿಗೆ ಹಾಕುವ ಕ್ಲಚ್ಚೇ ಅದರಲ್ಲೂ ಇತ್ತು, ಆ ಸಿಟ್ಟಿಗೇ 1963ರಲ್ಲಿ ಇಟಲಿಯ ಸಾಂತಾಗಾತದಲ್ಲಿ ಕಾರು ಕಾರ್ಖಾನೆ ತೆರೆದ ಎಂದು ಕಥೆ ಹೇಳುತ್ತಾರೆ. ಕಥೆಗೆ ಒಂದಿಷ್ಟು ಒಗ್ಗರಣೆ ಬಿದ್ದಿರಬಹುದು. ಕ್ಲಚ್ ಬಿಚ್ಚಲು ಗೊತ್ತಿದ್ದ ಮನುಷ್ಯ ಎಂಬುದಂತೂ ಖರೆ.

ಕ್ಲಚ್ಚಿನ ಮಾತು ಬಂತಲ್ಲ, ನಮ್ಮ ಊರಿನ ಟ್ರಾಫಿಕ್ಕಿಗೆ ಅತಿ ಬೇಗ ಸೋಲುವ ಭಾಗವೂ ಅದೇ. 2003ರಲ್ಲಿ ಬಂದ ಲ್ಯಾಂಬೋರ್ಗಿನಿ ಗಲಾರ್ಡೊ ಕಾರಿನ ಇ-ಗೇರ್ ಮಾದರಿಯಲ್ಲಿ ಕ್ಲಚ್ ಪೆಡಲ್ ಇಲ್ಲ. ಒಳಗೆ ಇರುವುದು ಮಾಮೂಲಿ ಕ್ಲಚ್ ಪ್ಲೇಟೇ, ಅದನ್ನು ಒತ್ತುವುದು ಕಾಲಿನ ಬದಲು ಹೈಡ್ರಾಲಿಕ್ ಪಂಪು. ಪೆಡಲ್ ಇಲ್ಲ ಎಂದು ಓನರ್ ಇದನ್ನು ಆಟೊಮ್ಯಾಟಿಕ್ ಎಂದೇ ನಂಬಿರುತ್ತಾರೆ. ಸಿಲ್ಕ್ ಬೋರ್ಡ್ ಜಾಮಿನಲ್ಲಿ ಇಂಚಿಂಚು ಮುಂದೆ ಬಿಡುತ್ತಾರೆ, ಬೇಸ್‌ಮೆಂಟಿನ ಏರಿನಲ್ಲಿ ರಿವರ್ಸ್ ಹತ್ತಿಸುತ್ತಾರೆ. ಅಷ್ಟು ಹೊತ್ತೂ ಪ್ಲೇಟು ಹಾಫ್ ಕ್ಲಚ್ಚಿನಲ್ಲಿ ಉಜ್ಜುತ್ತಲೇ ಇರುತ್ತದೆ. ಒಂದು ದಿನ ಸುಟ್ಟ ವಾಸನೆ, ಮಾರನೇ ದಿನ ಫ್ಲಾಟ್‌ಬೆಡ್ ಲಾರಿಯ ಮೇಲೆ ನಮ್ಮ ಶೆಡ್ಡಿಗೆ. ಹಿಂದಿನ ಬಂಪರ್ ತೆಗೆದು, ಸೈಲೆನ್ಸರ್ ಇಳಿಸಿ, ಗೇರ್‌ಬಾಕ್ಸನ್ನು ಕಾರಿನ ಹಿಂಭಾಗದಿಂದ ಹೊರಗೆಳೆಯಬೇಕು. ಹೊಸ ಪ್ಲೇಟು ಕೂರಿಸಿದರೆ ಅರ್ಧ ಕೆಲಸ ಮುಗಿದಂತೆ. ಯಾವ ಬಿಂದುವಿನಲ್ಲಿ ಕ್ಲಚ್ ಹಿಡಿಯುತ್ತದೆ ಎಂಬುದನ್ನು ಲ್ಯಾಪ್‌ಟಾಪಿನಿಂದ ಗಾಡಿಯ ಕಂಪ್ಯೂಟರಿಗೆ ಕಲಿಸಿಕೊಡಬೇಕು. ಇಲ್ಲದಿದ್ದರೆ ಹೊಸ ಪ್ಲೇಟೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆ ಮಾತ್ರ ನಮ್ಮಲ್ಲಿ ನಡೆಯುವುದಿಲ್ಲ. ಕೆಸರು ಕೈಯಲ್ಲಿ ಬಿಳಿ ಚರ್ಮದ ಸೀಟು ಮುಟ್ಟಿದರೆ ಮೊಸರಿನ ಮಾತಿರಲಿ, ತಿಂಗಳ ಸಂಬಳ ಹೋಗುತ್ತದೆ. ಕಾರಿನ ಹತ್ತಿರ ಬರುವ ಮುಂಚೆ ಉಂಗುರ, ವಾಚು, ಬೆಲ್ಟಿನ ಬಕಲ್ ಎಲ್ಲ ತೆಗೆಯಬೇಕು. ಹೊಸಬರಿಗೆ ನಾನು ಮೊದಲು ಕೊಡುವ ಕೆಲಸ ಎಂಜಿನ್ ಅಲ್ಲ, ಚಕ್ರ. ಕಾರ್ಬನ್ ಸೆರಾಮಿಕ್ ಬ್ರೇಕ್ ಇರುವ ಕಾರಿನ ಚಕ್ರ ಬಿಚ್ಚುವುದನ್ನು ನೋಡಿದರೆ ಹುಡುಗನ ಸ್ವಭಾವ ಪೂರ್ತಿ ತಿಳಿದುಹೋಗುತ್ತದೆ. ಈ ಡಿಸ್ಕು ಕಾದ ಕಬ್ಬಿಣದಂತೆ ಕೆಂಪಗಾದರೂ ತಡೆದುಕೊಳ್ಳುತ್ತದೆ, ಆದರೆ ಭಾರದ ಚಕ್ರ ಜಾರಿ ಅಂಚಿಗೆ ಬಡಿದರೆ ಚಕ್ಕೆ ಏಳುತ್ತದೆ. ಆದ್ದರಿಂದ ಬೋಲ್ಟುಗಳಲ್ಲಿ ಎರಡನ್ನು ಮೊದಲು ಬಿಚ್ಚಿ, ಆ ತೂತುಗಳಿಗೆ ಉದ್ದನೆಯ ಎರಡು ಗೈಡ್ ಪಿನ್ ತಿರುಗಿಸಬೇಕು. ಆಮೇಲೆ ಉಳಿದ ಬೋಲ್ಟು ತೆಗೆದು, ಚಕ್ರವನ್ನು ಆ ಪಿನ್ನುಗಳ ಮೇಲೆಯೇ ನೇರವಾಗಿ ಹೊರಗೆ ಎಳೆಯಬೇಕು. ಡಿಸ್ಕ್ ಸವೆದಿದೆಯೋ ಇಲ್ಲವೋ ದಪ್ಪ ಮಾತ್ರ ಅಳೆದರೆ ಗೊತ್ತಾಗುವುದಿಲ್ಲ. ಬಿಸಿಗೆ ಒಳಗಿನ ಕಾರ್ಬನ್ ಉರಿದುಹೋಗಿ ತೂಕ ಇಳಿಯುತ್ತದೆ. ಹಾಗಾಗಿ ತಕ್ಕಡಿಗಿಟ್ಟು, ಡಿಸ್ಕಿನ ಮೇಲೆ ಕೊರೆದಿರುವ ಕನಿಷ್ಠ ತೂಕಕ್ಕೆ ಹೋಲಿಸಿ ನೋಡುವುದೂ ಉಂಟು.

ಪೋರ್ಷೆ 911 ಜಿಟಿ3 ಬಂದರೆ ಪಾಠವೇ ಬೇರೆ. ಚಕ್ರಕ್ಕೆ ಐದು ಬೋಲ್ಟ್ ಇಲ್ಲ, ನಡುವೆ ದೊಡ್ಡದೊಂದೇ. ನಮ್ಮ ಸಣ್ಣ ಕಾರುಗಳ ಚಕ್ರದ ಬೋಲ್ಟಿಗೆ ಸುಮಾರು 100 ನ್ಯೂಟನ್ ಮೀಟರ್ ಬಿಗಿತ ಸಾಕು. ಇದಕ್ಕೆ 600 ಬೇಕು. ಒಬ್ಬ ಒಳಗೆ ಕೂತು ಬ್ರೇಕ್ ಒತ್ತಿ ಹಿಡಿಯುತ್ತಾನೆ, ಇನ್ನೊಬ್ಬ ತನ್ನೆದೆಯುದ್ದದ ಟಾರ್ಕ್ ರೆಂಚ್ ಹಾಕಿ 600ಕ್ಕೆ ಬಿಗಿದು, ಕಾಲು ಸುತ್ತು ಸಡಿಲಿಸಿ, ಮತ್ತೆ 600ಕ್ಕೆ ಬಿಗಿಯುತ್ತಾನೆ. ‘ಬಿಗಿಯಾಗೈತಲ್ಲಣ್ಣಾ, ಮತ್ಯಾಕೆ ಸಡಿಲಿಸೋದು?’ ಎಂದ ಹುಡುಗನಿಗೆ ಮ್ಯಾನ್ಯುಯಲ್ ತೆರೆದು ಆ ಸಾಲನ್ನೇ ಓದಿಸಿದೆ. ಈ ಕೆಲಸದಲ್ಲಿ ಅಂದಾಜಿಗೆ ಜಾಗವಿಲ್ಲ. ನಾನು ಕಲಿತ ಹಳೇ ಗ್ಯಾರೇಜಿನಲ್ಲಿ ಮೇಸ್ತ್ರಿಯ ಮೊಣಕೈಯೇ ಟಾರ್ಕ್ ರೆಂಚ್ ಆಗಿತ್ತು. ಅವರ ಕೈ ಅಳತೆ ತಪ್ಪುತ್ತಿರಲಿಲ್ಲ ಎಂಬುದೂ ನಿಜ, ಅದನ್ನೇ ನಂಬಿದರೆ ಅಲ್ಯೂಮಿನಿಯಂ ಎಂಜಿನ್ನಿನ ಥ್ರೆಡ್ ಉಳಿಯುವುದಿಲ್ಲ ಎಂಬುದೂ ನಿಜ.

ದುಬೈಯಲ್ಲಿ ಅಲ್ ಕೂಜ್ ಎಂಬ ಕೈಗಾರಿಕಾ ಪ್ರದೇಶವಿದೆ. ಸಾಲು ಸಾಲು ಗ್ಯಾರೇಜು. ಮಧ್ಯಾಹ್ನ ಊಟದ ಹೊತ್ತಿಗೆ ಮಂಗಳೂರು, ಉಡುಪಿ, ಭಟ್ಕಳದ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಹಳೆಯ ಫೆರಾರಿ ನನ್ನ ಕೈಗೆ ಸಿಕ್ಕಿದ್ದು ಅಲ್ಲಿ. 1994ರಿಂದ 1999ರವರೆಗೆ ತಯಾರಾದ ಎಫ್355ರ ಟೈಮಿಂಗ್ ಬೆಲ್ಟ್ ಬದಲಿಸಬೇಕಾದರೆ ಇಡೀ ಎಂಜಿನ್ ಹೊರಗೆ ಬರಬೇಕು. ಬೆಲ್ಟ್ ಅಂದರೆ ರಬ್ಬರಿನ ಹಲ್ಲುಪಟ್ಟಿ. ಕಾರು ಓಡದೆ ನಿಂತಿದ್ದರೂ ಅದಕ್ಕೆ ವಯಸ್ಸಾಗುತ್ತದೆ. ಅದು ಹರಿದರೆ 40 ವಾಲ್ವುಗಳು ತಾಳ ತಪ್ಪಿ ಪಿಸ್ಟನ್ನಿಗೆ ಬಡಿಯುತ್ತವೆ, ಎಂಜಿನ್ ಮುಗಿದಂತೆ. ಒಂದು ರಬ್ಬರ್ ಪಟ್ಟಿಗೆ ಲಕ್ಷಗಟ್ಟಲೆ ಕೂಲಿ ಯಾಕೆ ಎಂದು ಓನರ್ ಕೇಳುವುದು ಸಹಜ. ಮುಂದೆ ಬಂದ 360 ಮಾದರಿಯಲ್ಲಿ ಸೀಟಿನ ಹಿಂದಿನ ಮುಚ್ಚಳ ತೆಗೆದರೆ ಬೆಲ್ಟ್ ಕೈಗೆ ಸಿಗುತ್ತದೆ, ಅದರ ನಂತರದ ಎಫ್430ರಲ್ಲಿ ಬೆಲ್ಟಿನ ಜಾಗಕ್ಕೆ ಚೈನೇ ಬಂತು. ಮಾರನೆಲ್ಲೊದ ಫೆರಾರಿ ಎಂಜಿನಿಯರುಗಳಿಗೂ ಕೊನೆಗೆ ಮೆಕಾನಿಕ್ಕಿನ ಮೇಲೆ ಕರುಣೆ ಹುಟ್ಟಿತು ಅನ್ನಿ. ದುಬೈಯ ಬಿಸಿಲಿಗೆ ಆ ಕಾಲದ ಫೆರಾರಿಗಳ ಡ್ಯಾಶ್‌ಬೋರ್ಡಿನ ಬಟನ್ನುಗಳೆಲ್ಲ ಬೆಲ್ಲದ ಪಾಕದಂತೆ ಕೈಗೆ ಅಂಟುತ್ತಿದ್ದವು. ಎಂಜಿನ್ ಬಿಚ್ಚಿದ್ದಕ್ಕಿಂತ ಆ ಅಂಟು ಉಜ್ಜಿದ ದಿನಗಳೇ ಹೆಚ್ಚು.

ಕೋಟಿ ಬೆಲೆಯ ಕಾರಿನಲ್ಲಿ ಸಾಮಾನ್ಯವಾಗಿ ಬರುವ ದೂರು ಏನೆಂದರೆ ಬ್ಯಾಟರಿ ಡೌನ್. ಈ ಗಾಡಿಗಳು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ನಿಂತಲ್ಲೇ ಕಂಪ್ಯೂಟರುಗಳು ಕರೆಂಟ್ ಹೀರುತ್ತಿರುತ್ತವೆ. ಪಾರ್ಕ್ ಮಾಡಿದಾಗ ಟ್ರಿಕಲ್ ಚಾರ್ಜರ್ ಹಾಕಿಡಿ ಎಂದರೆ ಕೇಳುವವರು ಕಡಿಮೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಇಲಿಗಳಂತೂ ಕಾರಿನ ಬೆಲೆ ನೋಡಿ ವೈರ್ ಕಡಿಯುವುದಿಲ್ಲ. 2022ರ ಸೆಪ್ಟೆಂಬರಿನ ಮಳೆಗೆ ಯಮಲೂರಿನ ಐಷಾರಾಮಿ ಬಡಾವಣೆಯಲ್ಲಿ ಬೆಂಟ್ಲಿ, ಲೆಕ್ಸಸ್ ಕಾರುಗಳು ನೀರಿನಲ್ಲಿ ಮುಳುಗಿದ ಚಿತ್ರ ನೀವೂ ನೋಡಿರಬಹುದು. ಅಂಥ ಕಾರನ್ನು ನೀರು ಇಳಿದ ಮೇಲೆ ಯಾರೂ ಸ್ಟಾರ್ಟ್ ಮಾಡಬಾರದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದು ಪಿಸ್ಟನ್ ಮೇಲೆ ಬಂದರೆ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ. ಇದು ಬೆಂಟ್ಲಿಗೂ ಒಂದೇ, ನಿಮ್ಮ ಆಲ್ಟೊಗೂ ಒಂದೇ.

ಈಗ ಕಲಿಯುವವರಿಗೆ ಕರೆಂಟಿನ ಕೆಲಸವೂ ಸೇರಿಕೊಂಡಿದೆ. 2019ರ ಫೆರಾರಿ ಎಸ್‌ಎಫ್90, 2023ರ ಲ್ಯಾಂಬೋರ್ಗಿನಿ ರೆವುಯೆಲ್ಟೊ ಎರಡರಲ್ಲೂ ಪೆಟ್ರೋಲ್ ಎಂಜಿನ್ ಜೊತೆಗೆ ಮೂರು ಮೂರು ಮೋಟಾರು, ನೂರಾರು ವೋಲ್ಟಿನ ಬ್ಯಾಟರಿ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ಹಿಂದೆ ತೆಗೆಯಬೇಕು. ರಬ್ಬರ್ ಗ್ಲೌಸಿಗೆ ಗಾಳಿ ತುಂಬಿ ತೂತಿದೆಯೇ ನೋಡಿ, ಸರ್ವಿಸ್ ಪ್ಲಗ್ ಕಳಚಿ, ಅದಕ್ಕೆ ಬೀಗ ಹಾಕಿ ಕೀಲಿ ಜೇಬಿಗಿಟ್ಟುಕೊಂಡು, ಕಂಪನಿ ಹೇಳಿದಷ್ಟು ಹೊತ್ತು ಕಾದು, ಮೀಟರಿನಲ್ಲಿ ಸೊನ್ನೆ ಬಂದ ಮೇಲೆಯೇ ಸ್ಪ್ಯಾನರ್. ಇದರ ತರಬೇತಿ ಪಡೆಯದವನನ್ನು ನಾನು ಆ ಕಾರಿನ ಹತ್ತಿರಕ್ಕೂ ಬಿಡುವುದಿಲ್ಲ, ಅವನು ಎಷ್ಟೇ ಹಳಬನಾಗಿರಲಿ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಐಟಿಐಗಳಲ್ಲಿ ಮೆಕಾನಿಕ್ ಮೋಟಾರ್ ವೆಹಿಕಲ್ ಎಂಬ ಎರಡು ವರ್ಷದ ಟ್ರೇಡ್ ಇದೆ. ಪಾಲಿಟೆಕ್ನಿಕ್‌ಗಳಲ್ಲಿ ಆಟೊಮೊಬೈಲ್ ಡಿಪ್ಲೊಮಾ ಇದೆ. ಬಿಡದಿಯಲ್ಲಿ ಟೊಯೊಟಾ ಕಂಪನಿ 2007ರಲ್ಲಿ ತೆರೆದ ತರಬೇತಿ ಸಂಸ್ಥೆ ಹಳ್ಳಿಯ ಬಡ ಮಕ್ಕಳಿಗಾಗಿಯೇ ಇದೆ. ಮೂರರಲ್ಲಿ ಯಾವುದಾದರೂ ಸರಿ. ಅಲ್ಲಿಂದ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಅಪ್ರೆಂಟಿಸ್ ಆಗಿ ಸೇರಿ, ಆಯಿಲ್ ಬದಲಿಸುವುದರಿಂದ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಕಂಪನಿಯ ತರಬೇತಿ, ಪರೀಕ್ಷೆ, ಲೆವೆಲ್ಲುಗಳು ಅಲ್ಲಿ ತಾವಾಗಿಯೇ ಬರುತ್ತವೆ. ಇಂಗ್ಲಿಷ್ ಮಾತಾಡಲು ಬಾರದಿದ್ದರೂ ನಡೆಯುತ್ತದೆ, ಓದಲು ಬರಲೇಬೇಕು. ಮ್ಯಾನ್ಯುಯಲ್ಲುಗಳೂ ವೈರಿಂಗ್ ಚಿತ್ರಗಳೂ ಇನ್ನೂ ಕನ್ನಡಕ್ಕೆ ಬಂದಿಲ್ಲ. ಗಲ್ಫಿಗೆ ಹೋಗುವ ಮನಸ್ಸಿದ್ದರೂ ಮೊದಲು ಎಸ್ಸೆಸ್ಸೆಲ್ಸಿ ಮುಗಿಸಿ; ಪಾಸಾಗಿದ್ದರೆ ಪಾಸ್‌ಪೋರ್ಟಿನಲ್ಲಿ ಎಮಿಗ್ರೇಷನ್ ಕ್ಲಿಯರೆನ್ಸಿನ ತಾಪತ್ರಯ ಇರುವುದಿಲ್ಲ.

ತಂದೆ ತಾಯಂದಿರಿಗೆ ಒಂದು ಮಾತು. ಕೆಲವೇ ವಾರಗಳಲ್ಲಿ ನಿಮ್ಮ ಮಗನನ್ನು ಸೂಪರ್‌ಕಾರ್ ಮೆಕಾನಿಕ್ ಮಾಡುತ್ತೇವೆ ಎಂದು ಲಕ್ಷಗಟ್ಟಲೆ ಫೀಸು ಕೇಳುವವರು ಸಿಕ್ಕರೆ, ಹಣ ಕಟ್ಟುವ ಮುಂಚೆ ಅವರ ವರ್ಕ್‌ಶಾಪಿಗೆ ಹೋಗಿ ನೋಡಿ. ಲಿಫ್ಟ್ ಇದೆಯೇ, ಅದರ ಮೇಲೆ ನಿಜವಾದ ಗಾಡಿ ಇದೆಯೇ, ಹುಡುಗರ ಕೈಯಲ್ಲಿ ಟಾರ್ಕ್ ರೆಂಚ್ ಇದೆಯೇ ಗಮನಿಸಿ. ಇಲ್ಲದಿದ್ದರೆ ಆ ದುಡ್ಡನ್ನು ಉಳಿಸಿಕೊಂಡು ಹತ್ತಿರದ ಸರ್ಕಾರಿ ಐಟಿಐಯಲ್ಲಿ ಅರ್ಜಿ ಹಾಕಿಸಿ.