ಹಳೆಯ ಟ್ರಂಪೆಟ್ ಕೊಳ್ಳುವ ಮುನ್ನ

ಮದುವೆಯ ಮೆರವಣಿಗೆಯಲ್ಲಿ ಬ್ಯಾಂಡಿನ ಮುಂದೆ ನಡೆಯುತ್ತಾ ಟ್ರಂಪೆಟ್ ಊದುವವರನ್ನು ನೀವು ನೋಡಿರುತ್ತೀರಿ. ಆ ವಾದ್ಯ ಎಲ್ಲಿಂದ ಬಂತು, ಎಷ್ಟು ಹಳೆಯದು ಎಂದು ಯೋಚಿಸುವ ಪ್ರಸಂಗ ನಮಗೆ ಬರುವುದಿಲ್ಲ. ನನಗೆ ಅದು ಬಂದದ್ದು ಒಬ್ಬ ವಿದ್ಯಾರ್ಥಿಯ ಮೂಲಕ.

ಬೀದರ್ ಜಿಲ್ಲೆಯ ಹುಮನಾಬಾದ್ ಭಾಗದ ಬೇಮಳಖೇಡದಿಂದ ಬಿ.ಎಸ್‌ಸಿ. ಓದಲು ಬಂದಿದ್ದ ಹುಡುಗ ಅವನು. ತಂದೆ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸುವವರು. ಬಡ್ಡಿಗೆ ಸಾಲ ತಂದು, ದೂರದ ನಗರದ ಒಂದು ಅಂಗಡಿಯಲ್ಲಿ, ರಿಪೇರಿ ಮಾಡಿ ಹೊಳಪು ಕೊಟ್ಟ ಹಳೆಯ ಟ್ರಂಪೆಟ್ ಒಂದನ್ನು ಕೊಂಡಿದ್ದರು. ಒಂದು ಮದುವೆಯ ಹಂಗಾಮು ಮುಗಿಯುವಷ್ಟರಲ್ಲಿ ಅದರ ಮೊದಲ ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತುಗಳು ಬಿದ್ದವು. ಸಾಲ ಉಳಿಯಿತು, ವಾದ್ಯ ಹೋಯಿತು. ಮರುವರ್ಷ ಮತ್ತೊಂದನ್ನು ಕೊಳ್ಳಬೇಕಾದಾಗ ತಂದೆ, ಮಗ ಇಬ್ಬರೂ ನನ್ನ ಬಳಿ ಬಂದರು. "ಹೋದ ಸಲದ್ದು ಬಂಗಾರದಂಗ ಹೊಳೀತಿತ್ತು ಸರ್. ಒಳಗ ಏನದ ಅಂತ ನಮಗ ಹ್ಯಾಂಗ ಗೊತ್ತಾಗಬೇಕು?" ಎಂದು ತಂದೆ ಕೇಳಿದರು.

ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಪ್ರೌಢಶಾಲೆಯ ಮತ್ತು ಪಿ.ಯು.ಸಿ. ಹಂತದ ವಿಜ್ಞಾನದಲ್ಲಿಯೇ ಉತ್ತರವಿದೆ. ಅದನ್ನು ಒಂದೊಂದಾಗಿ ನೋಡೋಣ.

ನುಡಿಯುವುದು ಲೋಹವಲ್ಲ, ಗಾಳಿ

ಟ್ರಂಪೆಟ್ಟಿನಲ್ಲಿ ಸ್ವರ ಹುಟ್ಟುವುದು ಹಿತ್ತಾಳೆಯಿಂದಲ್ಲ. ಅದರೊಳಗಿನ ಗಾಳಿಯ ಕಂಬದಿಂದ. ತುಟಿಗಳು ಅದುರುತ್ತಾ ಗಾಳಿಯನ್ನು ತುಣುಕು ತುಣುಕಾಗಿ ಒಳಕ್ಕೆ ಬಿಡುತ್ತವೆ. ಆ ಅದುರುವಿಕೆಯ ಆವೃತ್ತಿಯು ಗಾಳಿಕಂಬದ ಸಹಜ ಆವೃತ್ತಿಗಳಲ್ಲೊಂದಕ್ಕೆ ಹೊಂದಿದಾಗ ಅನುನಾದ ಉಂಟಾಗಿ ಸ್ವರ ಗಟ್ಟಿಯಾಗಿ ಹೊಮ್ಮುತ್ತದೆ.

ಸಾಮಾನ್ಯ ಟ್ರಂಪೆಟ್ಟಿನ ಕೊಳವೆಯನ್ನು ಬಿಡಿಸಿ ನೇರ ಮಾಡಿದರೆ ಸುಮಾರು 148 ಸೆಂ.ಮೀ. ಉದ್ದವಾಗುತ್ತದೆ. ತುಟಿಗಳಿರುವ ತುದಿ ಮುಚ್ಚಿದ ತುದಿಯಂತೆ ವರ್ತಿಸುತ್ತದೆ. ಅದು ಬರಿಯ ನೇರ ಕೊಳವೆಯಾಗಿದ್ದರೆ, ಸಹಜ ಆವೃತ್ತಿಗಳು 1:3:5 ಎಂಬ ಬೆಸ ಸಂಖ್ಯೆಗಳ ಅನುಪಾತದಲ್ಲಿರುತ್ತಿದ್ದವು. ಆದರೆ ಅರಳಿದ ತುದಿ, ಅಂದರೆ ಬೆಲ್, ಕೆಳಗಿನ ಆವೃತ್ತಿಗಳನ್ನು ಮೇಲಕ್ಕೆ ತಳ್ಳುತ್ತದೆ. ಮೌತ್‌ಪೀಸು ಮೇಲಿನವನ್ನು ಕೆಳಕ್ಕೆ ಎಳೆಯುತ್ತದೆ. ಒಟ್ಟು ಪರಿಣಾಮವಾಗಿ ನುಡಿಸುವವನಿಗೆ ಸಿಗುವ ಸ್ವರಗಳು 2:3:4:5:6 ಎಂಬ ಅನುಪಾತಕ್ಕೆ ಬಹಳ ಹತ್ತಿರ ಬರುತ್ತವೆ. ಶಬ್ದದ ವೇಗ ಸೆಕೆಂಡಿಗೆ 345 ಮೀಟರ್ ಎಂದಿಟ್ಟುಕೊಂಡರೆ ಅವು ಸುಮಾರು 233, 350, 466, 583, 699 ಹರ್ಟ್ಸ್. ಲೆಕ್ಕ ಹಾಕಿ ನೋಡಿ: 345ನ್ನು 1.48ರ ಎರಡರಷ್ಟರಿಂದ ಭಾಗಿಸಿದರೆ 116.6 ಬರುತ್ತದೆ, ಮೇಲಿನವೆಲ್ಲ ಅದರ ಪೂರ್ಣ ಗುಣಕಗಳು.

ಇದರಿಂದ ಕೊಳ್ಳುವವರಿಗೆ ಸಿಗುವ ಪಾಠವೇನು? ಗಾಳಿಕಂಬದ ಆಕಾರ ಕೆಟ್ಟಿದ್ದರೆ ಅಥವಾ ಗಾಳಿ ಸೋರುತ್ತಿದ್ದರೆ ಹೊರಗಿನ ಹೊಳಪಿನಿಂದ ಯಾವ ಪ್ರಯೋಜನವೂ ಇಲ್ಲ. ಮಾರುವವನ ಎದುರಿಗೇ ಯಾವ ಗುಂಡಿಯನ್ನೂ ಒತ್ತದೆ ಈ ಐದು ಸ್ವರಗಳನ್ನು ಮೆಲ್ಲಗೆ ನುಡಿಸಿ. ಮೊಬೈಲ್ ಫೋನಿನ ಶ್ರುತಿಮಾಪಕದಲ್ಲಿ ಅಳೆಯಿರಿ. ನುರಿತವರು ತುಟಿ ಬಿಗಿ ಮಾಡಿ ವಾದ್ಯದ ದೋಷವನ್ನು ಮರೆಮಾಚಬಲ್ಲರು. ಆದ್ದರಿಂದ ಮೆಲುದನಿಯಲ್ಲಿ, ಸಡಿಲವಾಗಿ ನುಡಿಸುವುದು ಮುಖ್ಯ.

ಕವಾಟಗಳ ಪರೀಕ್ಷೆ

ನಮ್ಮ ಕಹಳೆಯಲ್ಲಿ ಸಹಜ ಸ್ವರಗಳು ಮಾತ್ರ ಬರುತ್ತವೆ. ನಡುವಿನ ಸ್ವರಗಳಿಗಾಗಿ ಟ್ರಂಪೆಟ್ಟಿಗೆ ಮೂರು ಕವಾಟಗಳನ್ನು, ಅಂದರೆ ವಾಲ್ವುಗಳನ್ನು, ಜೋಡಿಸಿದ್ದಾರೆ. ಇಂದು ಬಳಕೆಯಲ್ಲಿರುವ ಪಿಸ್ಟನ್ ಕವಾಟದ ರೂಪವನ್ನು ಪ್ಯಾರಿಸ್ಸಿನ ಪೆರಿನೆ 1839ರಲ್ಲಿ ರೂಪಿಸಿದ. ಗುಂಡಿ ಒತ್ತಿದಾಗ ಗಾಳಿ ಒಂದು ಹೆಚ್ಚುವರಿ ಕೊಳವೆಯನ್ನು ಸುತ್ತಿಬರುತ್ತದೆ; ಉದ್ದ ಹೆಚ್ಚಿ ಸ್ವರ ಇಳಿಯುತ್ತದೆ.

ಪಿಸ್ಟನ್ನಿಗೂ ಅದರ ಗೂಡಿಗೂ ನಡುವಿನ ಸಂದು ಮಿಲಿಮೀಟರಿನ ನೂರನೆಯ ಕೆಲವು ಭಾಗಗಳಷ್ಟೆ. ವರ್ಷಗಟ್ಟಲೆ ಉಜ್ಜಿ ಈ ಸಂದು ಅಗಲವಾದರೆ ಗಾಳಿ ಸೋರಿ, ಅನುನಾದ ದುರ್ಬಲವಾಗುತ್ತದೆ. ಮೇಲಿನ ಸ್ವರಗಳು ತಪ್ಪತೊಡಗುತ್ತವೆ.

ಇದನ್ನು ಪರೀಕ್ಷಿಸಲು ಬಾಯ್ಲ್‌ನ ನಿಯಮ ಸಾಕು. ಗುಂಡಿ ಒತ್ತದಿರುವಾಗ ಹೆಚ್ಚುವರಿ ಕೊಳವೆಯ ಎರಡೂ ಬಾಯಿಗಳನ್ನು ಪಿಸ್ಟನ್ ಮುಚ್ಚಿರುತ್ತದೆ. ಮೊದಲನೆಯ ಕವಾಟದ ಜಾರುಕೊಳವೆಯನ್ನು, ಅಂದರೆ ಸ್ಲೈಡನ್ನು, 2 ಸೆಂ.ಮೀ. ಹೊರಕ್ಕೆಳೆಯಿರಿ. ಅದು ಯು ಆಕಾರದ್ದಾದ್ದರಿಂದ ಉದ್ದ 4 ಸೆಂ.ಮೀ. ಹೆಚ್ಚುತ್ತದೆ. ಒಳಗೆ ಸುಮಾರು 18 ಸೆಂ.ಮೀ. ಉದ್ದದ ಗಾಳಿ ಇತ್ತೆಂದುಕೊಂಡರೆ ಈಗ ಅದು 22 ಸೆಂ.ಮೀ.ಗೆ ಹರಡಿಕೊಳ್ಳಬೇಕು. ಒತ್ತಡ ಶೇಕಡಾ 18ರಷ್ಟು ಇಳಿಯುತ್ತದೆ. ಸ್ಲೈಡನ್ನು ಹಾಗೆಯೇ ಹಿಡಿದು ಐದಾರು ಸೆಕೆಂಡು ಕಾಯ್ದು ಗುಂಡಿ ಒತ್ತಿ. 'ಟಪ್' ಎಂದು ಸದ್ದಾದರೆ ಕವಾಟ ಬಿಗಿಯಾಗಿದೆ. ಸದ್ದಿಲ್ಲದಿದ್ದರೆ ಗಾಳಿ ಅಷ್ಟರಲ್ಲಿ ನುಸುಳಿದೆ ಎಂದರ್ಥ. ಮೂರನೆಯದನ್ನೂ ಹೀಗೆಯೇ ನೋಡಿ.

ಒಂದು ಎಚ್ಚರಿಕೆ: ಮಂದವಾದ ಎಣ್ಣೆ ಸವರಿದರೆ ಸವೆದ ಕವಾಟವೂ ಸ್ವಲ್ಪ ಹೊತ್ತು ಬಿಗಿಯಾಗಿ ತೋರುತ್ತದೆ. ಪಿಸ್ಟನ್ ಹೊರತೆಗೆದು, ಬಟ್ಟೆಯಿಂದ ಒರೆಸಿ, ತೆಳುವಾದ ವಾಲ್ವ್ ಎಣ್ಣೆ ಹಾಕಿಸಿ ಮತ್ತೆ ಪರೀಕ್ಷಿಸಿ. ಪಿಸ್ಟನ್ನುಗಳ ಮೇಲೆ 1, 2, 3 ಎಂದು ಅಚ್ಚೊತ್ತಿರುತ್ತದೆ. ಅದಲುಬದಲಾದರೆ ಗಾಳಿಯ ದಾರಿ ಕೂಡುವುದಿಲ್ಲ. ಸವೆದ ಪಿಸ್ಟನ್ನಿಗೆ ಮತ್ತೆ ಲೋಹಲೇಪ ಕೊಟ್ಟು ಗೂಡಿಗೆ ಸರಿಯಾಗಿ ಕೂಡಿಸುವುದು ನಾಜೂಕಾದ, ದುಬಾರಿ ಕೆಲಸ. ನಿಜವಾದ ರಿಪೇರಿ ಅದು. ಬಫ್ ಯಂತ್ರದಲ್ಲಿ ಹೊಳಪು ಕೊಡುವುದು ರಿಪೇರಿಯಲ್ಲ.

ಸ್ಲೈಡುಗಳು ಏಕೆ ಸರಾಗವಾಗಿ ಜಾರಬೇಕು?

ವಿದ್ಯಾರ್ಥಿಗಳಿಗೆ ಇದೊಂದು ಒಳ್ಳೆಯ ಲೆಕ್ಕ. ಸ್ವರ ಒಂದು ಅರ್ಧಸ್ವರ ಇಳಿಯಬೇಕಾದರೆ ಉದ್ದ 1.0595 ಪಟ್ಟು ಆಗಬೇಕು. ಎರಡನೆಯ ಕವಾಟ ಅರ್ಧಸ್ವರ, ಮೊದಲನೆಯದು ಎರಡು ಅರ್ಧಸ್ವರ, ಮೂರನೆಯದು ಮೂರು ಅರ್ಧಸ್ವರ ಇಳಿಸುತ್ತವೆ. 148 ಸೆಂ.ಮೀ.ಗೆ ಬೇಕಾಗುವ ಹೆಚ್ಚುವರಿ ಉದ್ದಗಳು ಕ್ರಮವಾಗಿ 8.8, 18.1 ಮತ್ತು 28 ಸೆಂ.ಮೀ.

ಈಗ ಮೊದಲನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ಒತ್ತಿದರೆ ಐದು ಅರ್ಧಸ್ವರ ಇಳಿಯಬೇಕು. ಅದಕ್ಕೆ 49.5 ಸೆಂ.ಮೀ. ಬೇಕು, ನಮ್ಮಲ್ಲಿರುವುದು 18.1+28=46.1 ಮಾತ್ರ. 3.4 ಸೆಂ.ಮೀ. ಕಡಿಮೆ! ಮೂರನ್ನೂ ಒತ್ತಿದರೆ ಕೊರತೆ 6.4 ಸೆಂ.ಮೀ. ಕೊಳವೆ ಬೇಕಾದಷ್ಟು ಉದ್ದವಿಲ್ಲದ್ದರಿಂದ ಸ್ವರ ಶ್ರುತಿಗಿಂತ ಮೇಲಕ್ಕೆ ನಿಲ್ಲುತ್ತದೆ. ಕಾರಣ ಸರಳ: ಒಂದು ಕವಾಟ ಒತ್ತಿದಾಗಲೇ ಕೊಳವೆ ಉದ್ದವಾಗಿರುತ್ತದೆ, ಮುಂದಿನ ಇಳಿತಕ್ಕೆ ಆ ಹೊಸ ಉದ್ದದ ಶೇಕಡಾವಾರು ಬೇಕು, ಆದರೆ ಕೊಳವೆಗಳನ್ನು ಮೂಲ ಉದ್ದಕ್ಕೆ ಕತ್ತರಿಸಲಾಗಿದೆ. ಆದ್ದರಿಂದಲೇ ಮೂರನೆಯ ಸ್ಲೈಡಿಗೆ ಒಂದು ಬೆರಳುಂಗುರವಿದೆ. ನುಡಿಸುವಾಗಲೇ ಅದನ್ನು ಹೊರದೂಡಿ ಕೊರತೆ ತುಂಬಬೇಕು. ಅದು ಕಚ್ಚಿಕೊಂಡಿದ್ದರೆ ಅಂಥ ಟ್ರಂಪೆಟ್ಟಿನಲ್ಲಿ ಕೆಲವು ಸ್ವರಗಳು ಎಂದೂ ಶ್ರುತಿಗೆ ಸೇರಲಾರವು.

ಮುಖ್ಯ ಶ್ರುತಿ ಸ್ಲೈಡೂ ಜಾರಬೇಕು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್; 40 ಡಿಗ್ರಿಯಲ್ಲಿ 355. ಕೊಳವೆಯೊಳಗಿನ ಗಾಳಿ ಉಸಿರಿನಿಂದ ಹೇಗೂ ಬೆಚ್ಚಗಿರುವುದರಿಂದ ಸ್ವರದ ಏರಿಕೆ ಇಷ್ಟಾಗುವುದಿಲ್ಲ. ಆದರೂ ನಮ್ಮ ಕಡೆಯ ಮೇ ತಿಂಗಳ ಬಿಸಿಲಿನ ಮೆರವಣಿಗೆಗೂ ಮಾಘದ ಬೆಳಗಿನ ಮುಹೂರ್ತಕ್ಕೂ ಒಂದೇ ಹೊಂದಿಕೆ ಸಾಲದು.

ನೆಗ್ಗು ಎಲ್ಲಿದೆ ಎಂಬುದು ಮುಖ್ಯ

ಹಳೆಯ ವಾದ್ಯ ಎಂದ ಮೇಲೆ ನೆಗ್ಗು ಇದ್ದೇ ಇರುತ್ತದೆ. ಎಲ್ಲ ನೆಗ್ಗುಗಳೂ ಸಮನಲ್ಲ. ಸ್ಥಾಯೀ ತರಂಗದಲ್ಲಿ ಒತ್ತಡದ ಏರಿಳಿತ ಗರಿಷ್ಠವಾಗಿರುವೆಡೆ ಕೊಳವೆ ಕಿರಿದಾದರೆ ಆವೃತ್ತಿ ಏರುತ್ತದೆ. ಗಾಳಿಯ ಓಡಾಟ ಗರಿಷ್ಠವಾಗಿರುವೆಡೆ ಕಿರಿದಾದರೆ ಇಳಿಯುತ್ತದೆ. ಪ್ರತಿಯೊಂದು ಸಹಜ ಸ್ವರಕ್ಕೂ ಈ ಸ್ಥಳಗಳು ಬೇರೆ ಬೇರೆ. ಹೀಗಾಗಿ ಒಂದೇ ನೆಗ್ಗು ಒಂದು ಸ್ವರವನ್ನು ಏರಿಸಿ ಇನ್ನೊಂದನ್ನು ಇಳಿಸಬಹುದು. ಅಗಲವಾದ ಬೆಲ್ಲಿನ ಅಂಚಿನಲ್ಲಿನ ಸಣ್ಣ ನೆಗ್ಗಿನಿಂದ ಹೆಚ್ಚು ಹಾನಿಯಿಲ್ಲ. ಆದರೆ ಮೌತ್‌ಪೀಸಿನ ನಂತರದ ಮೊದಲ ಕೊಳವೆಯ ವ್ಯಾಸ ಒಂದು ಸೆಂ.ಮೀ. ಆಸುಪಾಸು ಮಾತ್ರ, ಅಲ್ಲಿ ಅಷ್ಟೇ ಆಳದ ನೆಗ್ಗು ದಾರಿಯ ಗಣನೀಯ ಪಾಲನ್ನು ಮುಚ್ಚುತ್ತದೆ.

ಹಿತ್ತಾಳೆಯ ಒಳಗಿನ ರೋಗ

ಈಗ ಬೇಮಳಖೇಡದ ಆ ಟ್ರಂಪೆಟ್ಟಿನ ತೂತುಗಳಿಗೆ ಬರೋಣ. ಬೀದರಿನ ಬಿದರಿ ಪಾತ್ರೆಗಳನ್ನು ಬಲ್ಲವರಿಗೆ ಅದರ ಮೂಲಲೋಹದಲ್ಲಿ ಸತು ಪ್ರಧಾನ, ತಾಮ್ರ ಅಲ್ಪ ಎಂದು ಗೊತ್ತು. ಹಿತ್ತಾಳೆಯಲ್ಲಿ ಇದು ತಿರುಗುಮುರುಗು. ಟ್ರಂಪೆಟ್ಟಿಗೆ ಸಾಮಾನ್ಯವಾಗಿ ಬಳಸುವ ಹಳದಿ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಸತುವಿನ ಪ್ರಮಾಣ ವಿದ್ಯುದ್ವಾರ ವಿಭವ -0.76 ವೋಲ್ಟ್, ತಾಮ್ರದ್ದು +0.34 ವೋಲ್ಟ್. ತೇವ ಮತ್ತು ಆಮ್ಲ ಸಿಕ್ಕಾಗ ಸತುವೇ ಮೊದಲು ಕರಗಿಹೋಗುವುದು. ಉಳಿಯುವುದು ಕೆಂಪಾದ, ಸ್ಪಂಜಿನಂತೆ ಸಣ್ಣ ರಂಧ್ರಗಳುಳ್ಳ ತಾಮ್ರ.

ಹಿತ್ತಾಳೆ ತಂಬಿಗೆಗೆ ಹುಣಸೆಹಣ್ಣು ಹಚ್ಚಿ ಬಹಳ ಹೊತ್ತು ಬಿಟ್ಟರೆ ಅದು ಕೆಂಪಗಾಗುವುದನ್ನು ಮನೆಯಲ್ಲಿ ನೋಡಿರುತ್ತೀರಿ. ತಂಬಿಗೆಯಲ್ಲಿ ಅದು ಮೇಲ್ಮೈಯಲ್ಲಷ್ಟೇ ಆಗುತ್ತದೆ. ಟ್ರಂಪೆಟ್ಟಿನಲ್ಲಿ ವರ್ಷಗಟ್ಟಲೆ ಒಳಗಿನಿಂದ ನಡೆಯುತ್ತದೆ. ಉಸಿರಿನ ತೇವ, ಇಂಗಾಲದ ಡೈಆಕ್ಸೈಡ್, ಎಂಜಲಿನ ಲವಣಗಳು ಮೊದಲು ಮುಟ್ಟುವುದು ಆ ಮೊದಲ ಕೊಳವೆಯನ್ನೇ. ವಾದ್ಯ ದುರಸ್ತಿಯವರು ಇದನ್ನು ರೆಡ್ ರಾಟ್ ಎನ್ನುತ್ತಾರೆ. ಸತು ಶೇಕಡಾ 15ಕ್ಕಿಂತ ಕಡಿಮೆಯಿರುವ ಕೆಂಪು ಛಾಯೆಯ ಹಿತ್ತಾಳೆಗೆ ಈ ಬಾಧೆ ಕಡಿಮೆ.

ರೋಗ ತಗಲಿದ ಕೊಳವೆಯ ಹೊರಮೈಯಲ್ಲಿ ಕೆಂಗುಲಾಬಿ ಬಣ್ಣದ, ನಡುವೆ ಕಪ್ಪು ಚುಕ್ಕೆಯಿರುವ ಕಲೆಗಳು ಕಾಣುತ್ತವೆ. ಬಫ್ ಮಾಡಿ ಮೇಲೆ ಪಾರದರ್ಶಕ ಲ್ಯಾಕರ್ ಬಳಿದರೆ ಕಲೆ ಮರೆಯಾಗುತ್ತದೆ. ಜೊತೆಗೆ ಮೊದಲೇ ಸುಮಾರು ಅರ್ಧ ಮಿಲಿಮೀಟರ್ ದಪ್ಪವಿದ್ದ ಲೋಹ ಇನ್ನಷ್ಟು ತೆಳ್ಳಗಾಗುತ್ತದೆ. ನಮ್ಮ ಹುಡುಗನ ತಂದೆ ಮೋಸಹೋದದ್ದು ಇಲ್ಲಿಯೇ. ಶ್ರುತಿ ಸ್ಲೈಡನ್ನು ಪೂರ್ತಿ ತೆಗೆದು, ಒಂದು ತುದಿಯಿಂದ ಟಾರ್ಚು ಬಿಟ್ಟು ಕೊಳವೆಯೊಳಗೆ ನೋಡಿ. ಒಳಗೋಡೆ ನುಣುಪಾಗಿರಬೇಕು; ಕುಳಿಗಳು, ಕೆಂಪು ಕಲೆಗಳು ಕಂಡರೆ ಬೇಡವೆನ್ನಿ, ಇಲ್ಲವೆ ಆ ಕೊಳವೆಯನ್ನೇ ಬದಲಿಸಿಕೊಡಲು ಹೇಳಿ. ಹಿತ್ತಾಳೆ ವಾದ್ಯಗಳ ತಯಾರಿಕೆಗೆ ಹೆಸರಾದ ಮೀರತ್ತಿನಲ್ಲಿ ನಾದಿರ್ ಅಲಿ ಕಂಪನಿ ಬಹಳ ಕಾಲದಿಂದಲೂ ಬ್ಯಾಂಡ್ ವಾದ್ಯಗಳನ್ನು ಮಾಡುತ್ತಾ ಬಂದಿದೆ. ಹೊಸ ಕೊಳವೆ ಹಾಕುವುದು ನಮ್ಮ ದೇಶದಲ್ಲಿ ಅಸಾಧ್ಯದ ಕೆಲಸವಲ್ಲ.

ಇನ್ನೊಂದು ರೋಗ ಬಿರುಕು. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯ ಮಳೆಗಾಲದಲ್ಲಿ ಕುದುರೆಲಾಯಗಳ ಬಳಿ ಇಟ್ಟಿದ್ದ ಹಿತ್ತಾಳೆಯ ತೋಟಾ ಕವಚಗಳು ತಾವಾಗಿಯೇ ಸೀಳುತ್ತಿದ್ದವು. ಕುದುರೆಮೂತ್ರದಿಂದೇಳುವ ಅಮೋನಿಯ, ತೇವ ಮತ್ತು ಲೋಹದಲ್ಲಿ ಉಳಿದಿರುವ ಬಿಗಿತ ಸೇರಿ ಹೀಗಾಗುತ್ತದೆ ಎಂಬುದನ್ನು ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ 1921ರಲ್ಲಿ ವಿವರಿಸಿದರು. ನೆಗ್ಗು ತೆಗೆದು ನೇರಗೊಳಿಸಿದ ಹಿತ್ತಾಳೆಯಲ್ಲಿಯೂ ಇಂಥ ಬಿಗಿತ ಉಳಿದಿರುತ್ತದೆ. ಆದ್ದರಿಂದ ಬಾಗುಗಳನ್ನು ಭೂತಕನ್ನಡಿಯಿಂದ ನೋಡಿ. ಕೊಂಡ ಮೇಲೆ ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ವಾದ್ಯ ಇಡಬೇಡಿ.

ಮೊದಲ ಸ್ವರಕ್ಕೆ ಮುನ್ನ ಸ್ನಾನ

ಹಳೆಯ ಕೊಳವೆಯಲ್ಲಿ ಇನ್ನೊಬ್ಬರ ಎಂಜಲಿನ ಪಾಚಿ ಇರುತ್ತದೆ. ಟ್ರಾಂಬೋನ್ ವಾದಕರೊಬ್ಬರ ದೀರ್ಘಕಾಲದ ಕೆಮ್ಮಿಗೆ ವಾದ್ಯದೊಳಗೆ ಬೆಳೆದಿದ್ದ ಸೂಕ್ಷ್ಮಜೀವಿಗಳೇ ಕಾರಣವೆಂದು ಅಮೆರಿಕದ ವೈದ್ಯರು 2010ರಲ್ಲಿ ವರದಿ ಮಾಡಿದರು. ವಾದ್ಯ ಶುಚಿಗೊಳಿಸಿದ ಮೇಲೆ ಕೆಮ್ಮು ನಿಂತಿತು. ಉಗುರು ಬೆಚ್ಚನೆಯ ನೀರು, ಸೌಮ್ಯ ಸಾಬೂನು, ಬಾಗುವ ಬ್ರಷ್ಷು ಸಾಕು. ಬಿಸಿನೀರು ಲ್ಯಾಕರನ್ನು ಕೆಡಿಸುತ್ತದೆ. ಹುಣಸೆಹಣ್ಣು, ನಿಂಬೆ ಸತುವನ್ನು ಎಳೆಯುತ್ತವೆ. ಪ್ರತಿ ಸಲ ನುಡಿಸಿದ ಮೇಲೆ ಒಳಗಿನ ನೀರನ್ನು ಬಸಿದು ಒಣಗಿಸಿಟ್ಟರೆ ಕೊಳವೆಯ ಆಯುಷ್ಯ ಹೆಚ್ಚುತ್ತದೆ.

ಶಿಕ್ಷಕರಿಗೆ ಒಂದು ಸೂಚನೆ. ನಿಮ್ಮ ಊರಿನ ಬ್ಯಾಂಡಿನವರನ್ನು ಒಂದು ದಿನ ತರಗತಿಗೆ ಕರೆಯಿರಿ. ಒಂದೂವರೆ ಮೀಟರ್ ತೋಟದ ಪೈಪು, ಒಂದು ಆಲಿಕೆ, ಅವರದೇ ಮೌತ್‌ಪೀಸು ಇದ್ದರೆ ಗಾಳಿಕಂಬದ ಪಾಠವನ್ನು ಮಕ್ಕಳು ಕಿವಿಯಿಂದಲೇ ಕಲಿಯುತ್ತಾರೆ. ಪೈಪಿನ ಉದ್ದ ಬದಲಿಸಿ, ಆವೃತ್ತಿ ಅಳೆದು, ನಕ್ಷೆ ಬರೆಸಿ.

ಆ ವರ್ಷ ನಾವು ಮೂವರೂ ಹೋಗಿ ಮೂರು ಟ್ರಂಪೆಟ್ಟುಗಳನ್ನು ನೋಡಿದೆವು. ಹೊಳೆಯುತ್ತಿದ್ದ ಮೊದಲನೆಯದರ ಕೊಳವೆಯೊಳಗೆ ಕುಳಿಗಳಿದ್ದವು. ಎರಡನೆಯದರ ಕವಾಟ 'ಟಪ್' ಎನ್ನಲಿಲ್ಲ. ಮೂರನೆಯದರ ಲ್ಯಾಕರ್ ಅಲ್ಲಲ್ಲಿ ಎದ್ದುಹೋಗಿತ್ತು, ಬೆಲ್ಲಿನ ಅಂಚಿನಲ್ಲಿ ಒಂದು ನೆಗ್ಗಿತ್ತು. ಉಳಿದೆಲ್ಲ ಪರೀಕ್ಷೆಯಲ್ಲಿ ಅದು ಪಾಸಾಯಿತು. ಅದನ್ನೇ ಕೊಂಡರು. "ಚಂದ ಇಲ್ಲ, ಖರೇ ಅದ" ಎಂದರು ಹುಡುಗನ ತಂದೆ. ಮರುವರ್ಷ ಹುಮನಾಬಾದಿನ ಒಂದು ಮದುವೆಯಲ್ಲಿ ಅದನ್ನು ಕೇಳಿದೆ. ಮೇಲಿನ ಸ್ವರಗಳೂ ತಪ್ಪಲಿಲ್ಲ.