ಸಾಕಮ್ಮ ಎಂಬ ಹೆಸರು

ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ತಾಯಿಯ ಹೆಸರಿನ ಕಾಲಮ್ಮಿಗೆ ಬಂದರೆ ನಮ್ಮ ಕೇರಿಗಳ ಎಷ್ಟೋ ಹುಡುಗಿಯರ ಪೆನ್ನು ನಿಂತುಬಿಡುತ್ತದೆ. ಬಂಡೂರು ಕಡೆಯ ಒಬ್ಬ ವಿದ್ಯಾರ್ಥಿನಿ ಮೆಲ್ಲಗೆ ಅಂದಳು: 'ಸಾಕಮ್ಮ ಅಂತ ಸಾ. ಹಳೇ ಹೆಸ್ರು, ಜೋರಾಗಿ ಓದ್ಬ್ಯಾಡಿ.'

ಈ ಹೆಸರಿಗೆ ಎಲ್ಲರೂ ಹೇಳುವ ಅರ್ಥ ಒಂದೇ: ಮೇಲಿಂದ ಮೇಲೆ ಹೆಣ್ಣೇ ಹುಟ್ಟಿದಾಗ 'ಇನ್ನು ಸಾಕು' ಎಂದು ಇಟ್ಟದ್ದು. ಸುಳ್ಳಲ್ಲ. ಅದರಲ್ಲಿ ದೇವರಿಗೆ ಮೊರೆಯೂ ಇದೆ, ಮಗುವಿಗೆ ಅವಮಾನವೂ ಇದೆ. ಇದನ್ನು ಜಾನಪದದ ಸೊಗಸು ಎಂದು ಮೆಚ್ಚುವ ಪಂಡಿತರು ತಮ್ಮ ಮಗಳಿಗೆ ಇಟ್ಟು ನೋಡಲಿ. ಆದರೆ ಕನ್ನಡದಲ್ಲಿ 'ಸಾಕು' ಎರಡಿವೆ. ಒಂದು 'ಸಾಲದು' ಎಂಬುದರ ಎದುರಿನದು. ಇನ್ನೊಂದು ಪೊರೆಯುವ ಸಾಕು. ಆ ಲೆಕ್ಕದಲ್ಲಿ ಸಾಕಮ್ಮ ಅಂದರೆ ಸಾಕುವ ತಾಯಿ.

ಈ ಎರಡನೆಯ ಸಾಕು ಎಂಥದೆಂದು ಮಳವಳ್ಳಿ ತಾಲ್ಲೂಕಿನವರಿಗೆ ವಿವರಿಸಬೇಕಿಲ್ಲ. ಬಂಡೂರು ಕುರಿ ಊರಿನ ಹೆಸರು ಹೊತ್ತು ನಾಡೆಲ್ಲ ಪ್ರಸಿದ್ಧ. ಸರ್ಕಾರಿ ಕಡತದಲ್ಲಿ ಅದು ಮಂಡ್ಯ ತಳಿ. ಇಲ್ಲದವರು ಉಳ್ಳವರ ಕುರಿಯನ್ನು ವಾರಕ್ಕೆ ಸಾಕುವುದುಂಟು: ದುಡಿಮೆ ಇವರದು, ಮರಿಯಲ್ಲಿ ಪಾಲು ಇಬ್ಬರದು. ಸೊಪ್ಪು ಹೊರುವುದು, ಹಿಕ್ಕೆ ಗುಡಿಸುವುದು ಹೆಂಗಸರಿಗೆ. ಕುರಿಗೆ ಊರಿನ ಹೆಸರು ಪೂರ್ತಿ ಸಿಕ್ಕಿತು. ಸಾಕಿದವಳಿಗೆ ತನ್ನ ಹೆಸರೂ ಪೂರ್ತಿ ಸಿಗಲಿಲ್ಲ. ಕೇರಿಯಲ್ಲಿ ಸಾಕವ್ವ ಆದವಳು ಊರೊಳಗಿನ ಜಗಲಿಗೆ 'ಏ ಸಾಕಿ'. ಅಮ್ಮ, ಅವ್ವ ಎರಡೂ ಉದುರಿಹೋಗುತ್ತವೆ.

ಈ ಉದುರುವಿಕೆಗೆ ಶಾಸ್ತ್ರದ ಬೆಂಬಲವೂ ಇದೆ. ಬ್ರಾಹ್ಮಣನ ಹೆಸರು ಮಂಗಳಕರವಾಗಿರಲಿ, ಶೂದ್ರನದು ಜುಗುಪ್ಸೆ ಹುಟ್ಟಿಸುವಂತಿರಲಿ ಎನ್ನುತ್ತದೆ ಮನುಸ್ಮೃತಿಯ 2ನೇ ಅಧ್ಯಾಯ. ಹೆಣ್ಣಿನ ಹೆಸರು ಹಿತವಾಗಿ, ಮಂಗಳಕರವಾಗಿ ಇರಬೇಕೆಂದೂ ಅದೇ ಹೇಳುತ್ತದೆ. ಯಾವ ಹೆಣ್ಣಿನದು ಅಂತ ಕೇಳಬೇಕಷ್ಟೆ.

ಹಾಗಂತ ಇದು ಕೇರಿಯವರದೇ ಹೆಸರಲ್ಲ. ಕಾಫಿಪುಡಿ ವ್ಯಾಪಾರದಿಂದ ಹೆಸರಾದ ಡಿ. ಸಾಕಮ್ಮನವರಿಗೆ ಬೆಂಗಳೂರಿನಲ್ಲಿ ಸಾಕಮ್ಮ ಗಾರ್ಡನ್ ಇದೆ. ಅಲ್ಲಿ ಯಾರೂ 'ಅಮ್ಮ' ಉದುರಿಸಿಲ್ಲ. ಅಂದಮೇಲೆ ಕೀಳು ಇರುವುದು ಹೆಸರಿನಲ್ಲಲ್ಲ, ಕೂಗುವ ಬಾಯಲ್ಲಿ.

ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವ ಕಳೆದುಹೋದ ತನ್ನ ಹುಂಜವನ್ನು ಹುಡುಕುವವಳು. ಅವಳನ್ನು ಹಸಿವಿನ ಸಂಕೇತ ಎಂದು ಓದಿ ಮುಗಿಸುವುದು ಸುಲಭ. ಹೆಸರನ್ನೇ ಕ್ರಿಯಾಪದವಾಗಿ ಓದಿ: ಮಕ್ಕಳು, ಮೊಮ್ಮಕ್ಕಳು, ಕೋಳಿ ಎಲ್ಲವನ್ನೂ ಸಾಕುವವಳು, 'ಸಾಕು' ಅನ್ನುವಷ್ಟು ಯಾವುದೂ ಒದಗದವಳು. ಎರಡು ಸಾಕುಗಳೂ ಅಲ್ಲಿ ಕೂಡಿವೆ.

ಆ ಹುಡುಗಿ ಸವಿತ ಅಂತ ಬರೆಯಲು ಹೊರಟಿದ್ದಳು. ರೇಷನ್ ಕಾರ್ಡಿಗೆ ತಾಳೆಯಾಗದಿದ್ದರೆ ಅರ್ಜಿ ನಿಲ್ಲುತ್ತೆ ಕಣಮ್ಮ ಅಂದೆ. ಒಲ್ಲದ ಮನಸ್ಸಿನಿಂದ ಸಾಕಮ್ಮ ಎಂದೇ ಬರೆದಳು. ಮುಂದಿನ ಕಾಲಮ್ಮು ತಾಯಿಯ ಉದ್ಯೋಗ.

'ವಾರಕ್ಕೆ ಕುರಿ ಸಾಕ್ತಳೆ ಸಾ' ಅಂದಳು. ಅಂದವಳೇ ನಕ್ಕಳು.