ಆಸ್ಟ್ರೇಲಿಯಾಕ್ಕೆ ಹೊಲ ಅಡ ಇಡಬ್ಯಾಡ್ರಿ

ತೆಕ್ಕಲಕೋಟೆ ಭಾಗದ ಹುಡುಗರು ಭತ್ತದ ಗದ್ದೆ ಬಿಟ್ಟು ಒಂದು ವರ್ಷ ಆಸ್ಟ್ರೇಲಿಯಾದಲ್ಲಿ ದುಡಿದು, ದೇಶ ನೋಡಿ ಬರ್ತೀವಿ ಅಂದರೆ ನಾನು ಬೇಡ ಅನ್ನೋದಿಲ್ಲ. ಏಜೆಂಟನಿಗಾಗಿ ಹೊಲ ಅಡ ಇಡಬ್ಯಾಡ್ರಿ ಅಂತೀನಿ. ಈ ವೀಸಾ ಭಾರತೀಯರಿಗೆ ತೆರೆದದ್ದು 2024ರಲ್ಲಿ. ವರ್ಷಕ್ಕೆ 1,000 ಮಂದಿ ಮಾತ್ರ, ಅದೂ ಲಾಟರಿ ಎತ್ತಿ. ಹೆಸರು ಬರಿಸೋದು ಯಾವ ಏಜೆಂಟನ ಕೈಯಲ್ಲೂ ಇಲ್ಲ. ಲಾಟರಿಗೆ ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್, 25 ಆಸ್ಟ್ರೇಲಿಯನ್ ಡಾಲರ್ ಇದ್ದರಾಯಿತು. ದೊಡ್ಡ ಖರ್ಚು ಹೆಸರು ಬಂದ ಮೇಲೆ: ವೀಸಾ ಶುಲ್ಕ, ಟಿಕೆಟು, ಕೈಖರ್ಚಿಗೆ ಸುಮಾರು 5,000 ಡಾಲರ್. ವಯಸ್ಸು 18ರಿಂದ 30, ಪಿಯುಸಿ ಮೇಲೆ ಎರಡು ವರ್ಷದ ಓದು ಇರಬೇಕು. ಅರ್ಜಿಗೆ ಸಿಗೋದು 28 ದಿನ. ಇಂಗ್ಲಿಷ್ ಪರೀಕ್ಷೆಗೆ ಈಗಲೇ ಓದಿಕೊಳ್ಳಿ. ಅಲ್ಲಿನ ಹಳ್ಳಿಗಾಡಿನಲ್ಲಿ ಮೂರು ತಿಂಗಳು ಹೊಲದ ಕೆಲಸ ಮಾಡಿದವರು ಎರಡನೇ ವರ್ಷಕ್ಕೂ ಅರ್ಜಿ ಹಾಕಬಹುದು. ಸಂಬಳದ ಚೀಟಿಗಳನ್ನು ಜೋಪಾನವಾಗಿ ಎತ್ತಿಡಿ, ಅವೇ ಸಾಕ್ಷಿ.